ಅಜ್ಜನ ಊರಿಗೆ ಹೊರಟಿದ್ದೀರಾ? ಪಹಣಿ ಬ್ಯಾಗಲ್ಲೇ ಇರಲಿ

ಬೆಂಗಳೂರಿನಲ್ಲೋ ಮುಂಬೈಯಲ್ಲೋ ಹುಟ್ಟಿ ಬೆಳೆದವರಿಗೆ ಒಂದಲ್ಲ ಒಂದು ದಿನ ಅಜ್ಜನ ಊರು ನೋಡಬೇಕು ಅನ್ನಿಸುತ್ತದೆ. ಕಾರಿದೆ, ಮ್ಯಾಪಿದೆ, ರಜೆಯೂ ಸಿಗುತ್ತದೆ. ಊರು ಸಿಕ್ಕೇ ಸಿಗುತ್ತದೆ. ಸಿಗದಿರುವುದು ಜನ. ಗುಡಿ ಮುಂದೆ ನಾಲ್ಕು ಫೋಟೊ ತೆಗೆದುಕೊಂಡು ಸಂಜೆಗೆ ವಾಪಸ್ ಬರುವವರೇ ಜಾಸ್ತಿ.

ಇದಕ್ಕೆ ಕಾರಣ ಉಂಟು. ಮೂವತ್ತು ನಲವತ್ತು ವರ್ಷ ಈ ಕಡೆ ತಲೆ ಹಾಕದವರ ಮೊಮ್ಮಗ ಒಂದು ದಿನ ಕೈಯಲ್ಲಿ ಕಾಗದ ಹಿಡಿದು ಬಂದು "ಇಲ್ಲಿ ನಮ್ಮ ಅಜ್ಜನ ಹೊಲ ಇತ್ತಂತೆ" ಎಂದರೆ ಊರವರು ಏನೆಂದುಕೊಳ್ಳಬೇಕು? ಪಾಲು ಕೇಳಲು ಬಂದ ಅಂತಲೇ. ಆಮೇಲೆ ಯಾರ ಬಾಯಿಂದಲೂ ಒಂದು ಮಾತು ಹೊರಡುವುದಿಲ್ಲ. ಹಾಗಾಗಿ ಕಾಗದದ ಕೆಲಸವನ್ನೆಲ್ಲ ಹೊರಡುವ ಮೊದಲೇ ಮುಗಿಸಿ. ಊರಿಗೆ ಹೋದ ಮೇಲೆ ಜನರ ಜೊತೆ ಕೂತು ಮಾತಾಡುವುದಷ್ಟೇ ಕೆಲಸ.

1. ಮನೆಯ ಟ್ರಂಕಿನಿಂದ ಶುರು ಮಾಡಿ

ಹಳೇ ಲಗ್ನಪತ್ರಿಕೆ, ಶಾಲೆಯ ಟಿ.ಸಿ., ಕಂದಾಯ ಕಟ್ಟಿದ ರಸೀದಿ, ಅಜ್ಜನಿಗೆ ಬಂದ ಕಾರ್ಡು, ಎಲ್ಲವನ್ನೂ ತೆಗೆಯಿರಿ. ಲಗ್ನಪತ್ರಿಕೆಯ ಕೆಳಗಿನ "ಆಗಮನಾಭಿಲಾಷಿಗಳು" ಸಾಲನ್ನು ಯಾರೂ ಓದುವುದಿಲ್ಲ. ಆದರೆ ದಾಯಾದಿಗಳ ಹೆಸರು, ಊರು ಸಾಲಾಗಿ ಸಿಗುವ ಜಾಗ ಅದೇ.

ಹಳೇ ಮೈಸೂರು ಕಡೆಯವರು ಅಜ್ಜನ ಇನಿಷಿಯಲ್ ನೋಡಿ. ಮೊದಲ ಅಕ್ಷರ ಸಾಮಾನ್ಯವಾಗಿ ಊರಿನದು. ದೇವೇಗೌಡರ ಹೆಸರಿನ ಎಚ್ ಅಂದರೆ ಹರದನಹಳ್ಳಿ. ಕುವೆಂಪು ಅವರ ಹೆಸರಲ್ಲಿ ಕುಪ್ಪಳಿ ಇದೆ, ಅವರು ಹುಟ್ಟಿದ್ದು ಮಾತ್ರ ತಾಯಿಯ ಕಡೆಯ ಹಿರೇಕೊಡಿಗೆಯಲ್ಲಿ. ಅಂದರೆ ಈ ಅಕ್ಷರ ಅಪ್ಪನ ಕಡೆಯ ಊರನ್ನಷ್ಟೇ ಹೇಳುತ್ತದೆ. ಅಜ್ಜಿಯ ತವರು ಯಾವುದು ಎನ್ನುವುದನ್ನು ಮನೆಯ ಹಿರಿಯ ಹೆಂಗಸರನ್ನೇ ಕೇಳಬೇಕು. ಉತ್ತರ ಕರ್ನಾಟಕದವರಿಗೆ ಅಡ್ಡಹೆಸರೇ ಸುಳಿವು. ಕೊಡಗಿನವರಿಗೆ ಈ ತೊಂದರೆ ಕಡಿಮೆ, ಒಕ್ಕದ (ಮನೆತನದ) ಹೆಸರು ಗೊತ್ತಿದ್ದರೆ ಅವರ ಮೂಲಮನೆಯಾದ ಐನ್‌ಮನೆಗೆ ದಾರಿ ಸಿಗುತ್ತದೆ.

ಮನೆದೇವರು ಯಾರೆಂದು ಮರೆಯದೆ ಕೇಳಿ. ಸವದತ್ತಿ ಎಲ್ಲಮ್ಮ, ಮೈಲಾರಲಿಂಗ ಎಂದರೆ ಸಾವಿರಾರು ಮನೆಗಳಿಗೆ ಅವರೇ, ಊರು ಗೊತ್ತಾಗುವುದಿಲ್ಲ. "ಜೊತೆಗೆ ಒಂದು ಸಣ್ಣ ಅಮ್ಮನ ಗುಡಿಗೂ ಹರಕೆ ಕಟ್ಟುತ್ತಿದ್ವಿ" ಎಂದರೆ ಅದನ್ನು ಬರೆದುಕೊಳ್ಳಿ. ಕರಾವಳಿಯವರು ಮೂಲನಾಗ (ಕುಟುಂಬ ಪೂಜಿಸುವ ನಾಗನ ಬನ) ಎಲ್ಲಿ, ಕುಟುಂಬದ ಮನೆ ಯಾವುದು ಎಂದು ಕೇಳಿದರೆ ಅರ್ಧ ಕೆಲಸ ಮುಗಿಯಿತು. ನಾಗರಪಂಚಮಿಯ ದಿನ ಆ ಬನಕ್ಕೆ ಹೋಗಿ ನಿಂತರೆ ಕುಟುಂಬದವರು ತಾವಾಗೇ ಎದುರಾಗುತ್ತಾರೆ.

2. ಊರು ಆಗ ಯಾವ ಜಿಲ್ಲೆಯಲ್ಲಿತ್ತು?

ಹೊಸಹಳ್ಳಿ, ಬಸಾಪುರ, ರಾಂಪುರ ಎಂಬ ಹೆಸರಿನ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಹೋಬಳಿ, ತಾಲ್ಲೂಕು ಗೊತ್ತಿಲ್ಲದೆ ಹೊರಡಬೇಡಿ. ಅಜ್ಜ ಹೇಳುತ್ತಿದ್ದ ಜಿಲ್ಲೆ ಈಗಿನ ಜಿಲ್ಲೆ ಆಗಿರಬೇಕೆಂದೂ ಇಲ್ಲ. ಗದಗ, ಹಾವೇರಿ ಧಾರವಾಡದಿಂದ ಬೇರೆಯಾಗಿದ್ದು 1997ರಲ್ಲಿ. ಅದೇ ವರ್ಷ ಬಾಗಲಕೋಟೆ, ಕೊಪ್ಪಳ, ದಾವಣಗೆರೆ, ಚಾಮರಾಜನಗರ, ಉಡುಪಿಯೂ ಆದವು.

1956ಕ್ಕೆ ಮೊದಲಿನ ಕಾಗದವಾದರೆ ಇನ್ನೊಂದು ಪೇಚು. ಧಾರವಾಡ, ಬೆಳಗಾವಿ, ವಿಜಯಪುರ ಆಗ ಮುಂಬೈ ಆಡಳಿತದಲ್ಲಿದ್ದವು. ಆ ಕಡೆಯ ಹಳೇ ದಾಖಲೆ ಮರಾಠಿಯಲ್ಲಿ, ಎಷ್ಟೋ ಸಲ ಅದರ ಹಳೇ ಮೋಡಿ ಲಿಪಿಯಲ್ಲಿ ಇರಬಹುದು. ಕಲಬುರಗಿ, ಬೀದರ್, ರಾಯಚೂರು ನಿಜಾಮರ ಹೈದರಾಬಾದಿಗೆ ಸೇರಿದ್ದವು, ಅಲ್ಲಿ ಉರ್ದು. ಓದಲು ಬರಲಿಲ್ಲ ಎಂದು ಎಸೆಯಬೇಡಿ. ಓದಬಲ್ಲ ಹಿರಿಯರು ತಾಲ್ಲೂಕು ಕಚೇರಿಯ ಆಸುಪಾಸಿನಲ್ಲೇ ಒಬ್ಬಿಬ್ಬರು ಸಿಗಬಹುದು, ವಿಚಾರಿಸಿ ನೋಡಿ.

3. ಪಹಣಿ ನೋಡಿ, ಆದರೆ ಹೆಸರುಗಳಿಗಾಗಿ

ಸರ್ವೆ ನಂಬರ್ ಗೊತ್ತಿದ್ದರೆ 'ಭೂಮಿ' ವೆಬ್‌ಸೈಟಿನಲ್ಲಿ ಪಹಣಿ (ಜಮೀನು ಯಾರ ಹೆಸರಲ್ಲಿದೆ ಎಂದು ತೋರಿಸುವ ದಾಖಲೆ) ಸಿಗುತ್ತದೆ. ಉತ್ತರ ಕರ್ನಾಟಕದವರ ಬಾಯಲ್ಲಿ ಇದೇ ಉತಾರ. ಪಹಣಿಗಿಂತ ಬೆಲೆಬಾಳುವುದು ಅದರ ಹಿಂದಿನ ಮ್ಯುಟೇಷನ್. ಅಜ್ಜನ ಹೆಸರು ಹೋಗಿ ಯಾರ ಹೆಸರು ಬಂತು, ಕ್ರಯವೋ ವಿಭಾಗವೋ ಪೌತಿಯೋ (ಖಾತೆದಾರ ತೀರಿಕೊಂಡ ಮೇಲಿನ ಬದಲಾವಣೆಯೋ) ಎಂದು ಅದರಲ್ಲಿ ಇರುತ್ತದೆ. ಪೌತಿ ಖಾತೆಯಾಗಿದ್ದರೆ ವಾರಸುದಾರರ ಹೆಸರೂ ಸಿಗುತ್ತದೆ, ಅದೇ ಒಂದು ವಂಶವೃಕ್ಷ. ಕಂಪ್ಯೂಟರ್ ಬರುವ ಮೊದಲಿನ ಕೈಬರಹದ ಪಹಣಿ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತದೆ. ಅರ್ಜಿ ಹಾಕಿ ನಕಲು ಪಡೆಯಬಹುದು. ತಾಳ್ಮೆ ಬೇಕು.

ಮೊಬೈಲಿಗೆ 'ದಿಶಾಂಕ್' ಆ್ಯಪ್ ಹಾಕಿಕೊಳ್ಳಿ. ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಆದರೆ ಊರವರ ಎದುರು ಹೊಲದಲ್ಲಿ ನಿಂತು ಅದನ್ನು ತೆರೆಯಬೇಡಿ, ದಯವಿಟ್ಟು.

ಜಮೀನೇ ಇಲ್ಲದ ಮನೆತನವಾದರೆ? ಪಹಣಿಯಲ್ಲಿ ಹೆಸರಿಲ್ಲದವರಿಗೆ ಊರೇ ಇಲ್ಲ ಅಂತಲ್ಲ. ತೋಟಿ, ತಳವಾರ, ನೀರಗಂಟಿಯಂಥ ಊರ ಚಾಕರಿ ಮಾಡುತ್ತಿದ್ದ ಮನೆತನಗಳಿಗೆ ಅದಕ್ಕೆ ಪ್ರತಿಯಾಗಿ ಇನಾಮು ಜಮೀನು ಇರುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯ ನಂತರ ಅದನ್ನು ಮರಳಿ ಕೊಟ್ಟ ಆದೇಶಗಳಲ್ಲಿ ಹೆಸರು ಸಿಗಬಹುದು. ಶಾಲೆಯ ದಾಖಲಾತಿ ರಿಜಿಸ್ಟರ್ ಇನ್ನೊಂದು ದಾರಿ. ಎಲ್ಲರಿಗೂ ಸುಲಭವಾದದ್ದು ಮತದಾರರ ಪಟ್ಟಿ. ಮನೆ ನಂಬರ್, ತಂದೆ ಅಥವಾ ಗಂಡನ ಹೆಸರು ಸಮೇತ ಆನ್‌ಲೈನಿನಲ್ಲೇ ಇರುತ್ತದೆ. ಅಜ್ಜನ ಹೆಸರನ್ನೇ ಇಟ್ಟುಕೊಂಡ ಮೊಮ್ಮಗ ಅಲ್ಲೊಬ್ಬ ಇದ್ದರೆ ದಾಯಾದಿ ಇರಬಹುದು ಅಂತ ಗುರುತು ಹಾಕಿಕೊಳ್ಳಿ.

4. ನಿಮ್ಮ ಹೆಳವರು ಯಾರು, ಕೇಳಿ

ನನ್ನನ್ನು ಕೇಳಿದರೆ ಎಲ್ಲ ಕಚೇರಿಗಳಿಗಿಂತ ಇದು ಮೇಲು. ವಂಶ ಹೇಳುವುದೇ ಹೆಳವರ ಕುಲಕಸುಬು. ಲಿಂಗಾಯತರು, ಒಕ್ಕಲಿಗರು, ಕುರುಬರು ಹೀಗೆ ಹಲವು ಸಮುದಾಯಗಳ ಮನೆತನಗಳು ಅವರಲ್ಲಿ ಹಂಚಿಹೋಗಿವೆ. ಒಂದು ಹೆಳವರ ಕುಟುಂಬಕ್ಕೆ ಇಂತಿಂಥ ಊರು, ಇಂತಿಂಥ ಮನೆ ಎಂದು ತಲೆಮಾರಿನಿಂದ ಗೊತ್ತಾಗಿರುತ್ತದೆ. ಬಸವಣ್ಣನವರೇ ತಮ್ಮ ಮೂಲಪುರುಷನಿಗೆ ಎತ್ತು ಕೊಟ್ಟರು ಎಂಬುದು ಅವರ ನಂಬಿಕೆ. ಹಿಂದೆ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುತ್ತಿದ್ದರು. ಈಗ ಬೈಕಿನಲ್ಲಿ ಬರುವವರೂ ಇದ್ದಾರೆ.

ಕಟ್ಟೆಯ ಮೇಲೆ ಕೂತು ವಂಶಾವಳಿಯ ಹೊತ್ತಿಗೆ ಬಿಚ್ಚಿದರೆಂದರೆ ಓದುವ ಧಾಟಿಯೇ ಬೇರೆ. "ಮಲ್ಲಪ್ಪಗ ಮೂರು ಮಂದಿ ಮಕ್ಕಳು. ಹಿರ್ಯಾಂವ ಊರಾಗ ಉಳದ. ನಡಕಿನಾಂವ ಬರಗಾಲದಾಗ ಎದ್ದು ಹ್ವಾದ. ಸಣ್ಣಾಂವಗ ಸಂತಾನ ಇಲ್ಲ." ಎದ್ದು ಹೋದ ಆ ನಡುವಿನವನೇ ನಿಮ್ಮ ಮುತ್ತಜ್ಜನಿರಬಹುದು. ಎಲ್ಲಿಂದ ಎದ್ದರು, ಎಲ್ಲಿಗೆ ಹೋದರು ಎನ್ನುವುದನ್ನು ಇಷ್ಟು ಚೊಕ್ಕವಾಗಿ ಯಾವ ಕಂದಾಯ ದಾಖಲೆಯೂ ಹೇಳುವುದಿಲ್ಲ.

ಅವರನ್ನು ಹಿಡಿಯುವುದು ಹೇಗೆ? ಊರಲ್ಲಿ ಉಳಿದ ನಿಮ್ಮ ಮನೆತನದವರನ್ನೋ ಅದೇ ಸಮುದಾಯದ ಹಿರಿಯರನ್ನೋ ಕೇಳಿ: ನಮ್ಮ ಹೆಳವರು ಯಾವಾಗ ಬರುತ್ತಾರೆ, ಫೋನ್ ನಂಬರ್ ಇದೆಯಾ? ಸಿಕ್ಕಾಗ ಮೊದಲೇ ಫೋನ್ ತೆಗೆದು ಪುಟದ ಫೋಟೊ ಹೊಡೆಯಬೇಡಿ. ಅದು ಅವರ ಅನ್ನದ ಪುಸ್ತಕ. ಪೂರ್ತಿ ಕೇಳಿ, ಕಾಣಿಕೆ ಕೊಡಿ, ನಿಮ್ಮ ಮಕ್ಕಳ ಹೆಸರು ಬರೆಸಿ. ಹಿಂದೆ ದವಸ, ಬಟ್ಟೆ ಕೊಡುತ್ತಿದ್ದರು, ಈಗ ದುಡ್ಡೇ ಆದೀತು. ಎರಡು ಮಾತು ನೆನಪಿರಲಿ. ಮನೆತನದ ಹೊಗಳಿಕೆ ಸ್ವಲ್ಪ ಜಾಸ್ತಿಯೇ ಇರುತ್ತದೆ. ಗಂಡುಮಕ್ಕಳ ಸಾಲು ಉದ್ದಕ್ಕೆ ಸಿಕ್ಕರೂ ಹೆಣ್ಣುಮಕ್ಕಳು ಎಲ್ಲಿಗೆ ಹೋದರೆಂಬುದು ಬಹಳ ಸಲ ಇರುವುದಿಲ್ಲ. ಮಗಳನ್ನೂ ಬರೆದುಕೊಳ್ಳಿ ಎಂದು ನೀವೇ ಹೇಳಿ.

5. ಯಾವಾಗ ಹೋಗಬೇಕು, ಏನು ಒಯ್ಯಬೇಕು

ಜಾತ್ರೆಗೆ ಹೋದರೆ ಎಲ್ಲರೂ ಇರುತ್ತಾರೆ, ಯಾರಿಗೂ ಪುರುಸೊತ್ತಿರುವುದಿಲ್ಲ. ಮೊದಲ ಸಲ ಸುಗ್ಗಿ ಮುಗಿದ ಮೇಲಿನ ಒಂದು ಸಾದಾ ದಿನ ಹೋಗಿ. ಬಿತ್ತನೆ ಸಮಯ ಬೇಡ, ಸಂತೆಯ ದಿನವೂ ಬೇಡ. ಹೊತ್ತು ಇಳಿಯುವ ವೇಳೆಗೆ ತಲುಪಿದರೆ ಕಟ್ಟೆಯ ಮೇಲೆ ಜನ ಸಿಗುತ್ತಾರೆ.

ಹಳೇ ಮದುವೆ ಫೋಟೊ ಇದ್ದರೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಮೊಬೈಲಿನಲ್ಲಿ ತೋರಿಸಿದರೆ ಎಂಬತ್ತು ದಾಟಿದವರಿಗೆ ಏನೂ ಕಾಣುವುದಿಲ್ಲ, ಸುಮ್ನೆ ಹೂಂ ಅನ್ನುತ್ತಾರೆ. ಕಾಗದದ ಫೋಟೊ ಕೈಗೆ ಕೊಟ್ಟು ನೋಡಿ. ಬಿಸಿಲಿಗೆ ಹಿಡಿದು, ಬೆರಳಿಟ್ಟು ಒಬ್ಬೊಬ್ಬರನ್ನೇ ಗುರುತಿಸುತ್ತಾರೆ. ಮುಖ ಮಸುಕಾಗಿದ್ದರೂ "ಈ ಬುಗುಡಿ ನಮ್ಮ ದೊಡ್ಡವ್ವಂದು" ಎನ್ನುತ್ತಾರೆ. ಫೋಟೊ ಜೊತೆ ಮನೆದೇವರಿಗೆ ಹಣ್ಣುಕಾಯಿ, ಎಲೆಅಡಿಕೆ, ಮಕ್ಕಳಿಗೆ ಸಿಹಿ. ಇಷ್ಟು ಸಾಕು.

6. "ಯಾರ ಪೈಕಿ ನೀವು?"

ಊರಲ್ಲಿ ಕಾರಿಂದ ಇಳಿದ ಮೇಲೆ ಬರುವ ಮೊದಲ ಪ್ರಶ್ನೆ ಇದು. ಉತ್ತರ ಕರ್ನಾಟಕದಲ್ಲಾದರೆ "ಯಾರ ಮನ್ಯಾವ್ರೀ?" ಇದಕ್ಕೆ ಉತ್ತರ ತಯಾರಿರಲಿ. ನಿಮ್ಮ ಹೆಸರು, ಕಂಪನಿ, ಹುದ್ದೆ ಅಲ್ಲಿ ನಡೆಯುವುದಿಲ್ಲ. ಅಜ್ಜನ ಹೆಸರು ಹೇಳಿ, ಜೊತೆಗೆ ಊರವರು ಕರೆಯುತ್ತಿದ್ದ ಹೆಸರೂ ಬೇಕು. ಬಸಪ್ಪ ಅಂದರೆ ಹತ್ತು ಜನ ಇರುತ್ತಾರೆ, ಗಾಣದ ಬಸಪ್ಪ ಅಂದರೆ ಒಬ್ಬರೇ.

ಈ ಪ್ರಶ್ನೆಯಲ್ಲಿ ಜಾತಿಯೂ ಸೇರಿದೆ, ಅದನ್ನು ಮುಚ್ಚಿಡುವುದೇನು. ಅವಮಾನ ತಾಳಲಾರದೆ ಊರು ಬಿಟ್ಟವರ ಮೊಮ್ಮಕ್ಕಳಿಗೆ ಅದು ಹಿತವಾಗಿ ಕೇಳಿಸುವುದಿಲ್ಲ. ಅಂಥವರು ಊರ ನಡುವಿನ ಕಟ್ಟೆಗೆ ಹೋಗುವ ಬದಲು ನೇರ ತಮ್ಮ ಕೇರಿಗೇ ಹೋಗುವುದು ಮೇಲು. ಅಜ್ಜನನ್ನು ಬಲ್ಲವರು ಇರುವುದೂ ಅಲ್ಲೇ.

ಮಾತಿನ ಎರಡನೇ ಸಾಲಿನಲ್ಲೇ ಹೇಳಿಬಿಡಿ: "ಹೊಲ ಮನೆ ವಿಷ್ಯಕ್ಕೆ ಬಂದಿಲ್ಲ ದೊಡ್ಡಪ್ಪ, ನಿಮ್ಮನ್ನೆಲ್ಲ ನೋಡೋಣ ಅಂತ ಬಂದೆ." ಅವರ ಅಂಜಿಕೆಗೆ ಅರ್ಥವಿದೆ. ನಿಮ್ಮ ಕಡೆಯವರ ಹೆಸರು ಬಿಟ್ಟು ಖಾತೆ ಮಾಡಿಸಿಕೊಂಡಿರಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲು ಎಂಬುದು ಎಲ್ಲರಿಗೂ ಗೊತ್ತು. ಕೆಲವೊಮ್ಮೆ ಊಟವಾದ ಮೇಲೆ "ಹೆಂಗೂ ಬಂದೀರಿ, ಇಲ್ಲೊಂದು ಸಹಿ ಹಾಕ್ರಿ" ಎಂದು ಹಕ್ಕುಬಿಡುಗಡೆಯ ಕಾಗದ ಮುಂದಿಡುವುದೂ ಉಂಟು. ಆ ದಿನ ಯಾವುದಕ್ಕೂ ಸಹಿ ಬೇಡ. "ಅಪ್ಪನ್ನ ಕೇಳಿ ಹೇಳ್ತೀನಿ" ಎಂದರೆ ಯಾರೂ ಬೇಜಾರಾಗುವುದಿಲ್ಲ.

7. ಕೇಳುವ ಬಗೆ

"ನಮ್ಮ ಮನೆತನದ ಇತಿಹಾಸ ಹೇಳಿ" ಎಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ಸಣ್ಣದು ಕೇಳಿ. ಅಜ್ಜನ ಮದುವೆ ಎಲ್ಲಾಯ್ತು? ಅಡುಗೆ ಯಾರು ಮಾಡಿದರು? ಯಾವ ಬಾವಿಯ ನೀರು? ಇಸವಿ ಕೇಳಬೇಡಿ. ನಿಜಾಮರ ಕಡೆಯ ರಜಾಕಾರರ ಗಲಾಟೆಗೆ ಮೊದಲೋ ಆಮೇಲೋ, 72ರ ಬರ ಬಿದ್ದಾಗ ಯಾರ್ಯಾರು ಊರಲ್ಲಿದ್ದರು, ಹೀಗೆ ಕೇಳಿದರೆ ಲೆಕ್ಕ ಸಿಗುತ್ತದೆ. ಕಟ್ಟೆಯ ಮೇಲಿನ ಗಂಡಸರು ಹೊಲದ ಗಡಿ ಹೇಳುತ್ತಾರೆ. ಯಾವ ಮಗಳನ್ನು ಯಾವ ಊರಿಗೆ ಕೊಟ್ಟರು, ಯಾವ ಸೊಸೆ ಎಲ್ಲಿಂದ ಬಂದಳು ಎಂಬುದು ಅಡುಗೆಮನೆಯಲ್ಲಿ ಸಿಗುತ್ತದೆ. ಅಲ್ಲಿಗೂ ಹೋಗಿ ಕೂರಿ. ರೆಕಾರ್ಡ್ ಮಾಡುವುದಾದರೆ ಕೇಳಿ ಮಾಡಿ.

8. ಊರೇ ಇಲ್ಲದಿದ್ದರೆ

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆದಾಗ ಶರಾವತಿ ದಂಡೆಯ ಊರುಗಳು ಮುಳುಗಿದವು. ಅಲ್ಲಿನವರು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಡೆ ನೆಲೆ ಕಂಡರು. ಆಲಮಟ್ಟಿ ಹಿನ್ನೀರಿಗೆ ಬಾಗಲಕೋಟೆ ಕಡೆಯ ಊರುಗಳು ಹೋದವು. ಇಂಥ ಕಡೆ ಮ್ಯಾಪಿನಲ್ಲಿ ನೀರು ನೋಡಿ ಹಿಂದೆ ಬರಬೇಡಿ. ಪುನರ್ವಸತಿ ಕೇಂದ್ರಗಳನ್ನು ವಿಚಾರಿಸಿ. ಹಳೇ ಹೆಸರನ್ನೇ ಇಟ್ಟುಕೊಂಡ ಊರುಗಳಿವೆ, ಜೊತೆಗೆ ದೇವರನ್ನು ತಂದುಕೊಂಡವರೂ ಇದ್ದಾರೆ. ಕಂದಾಯ ದಾಖಲೆಯಲ್ಲಿ ಮಾತ್ರ ಉಳಿದ ಬೇಚರಾಕ್ ಗ್ರಾಮಗಳೂ ಉಂಟು. ಅಲ್ಲಿದ್ದವರ ವಿಷಯ ಪಕ್ಕದ ಊರಿನವರಿಗೆ ಗೊತ್ತಿರುತ್ತದೆ.

9. ಬಂದ ಮೇಲೆ

ತೆಗೆದ ಫೋಟೊಗಳನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿ ಕೈತೊಳೆದುಕೊಳ್ಳಬೇಡಿ. ಪ್ರಿಂಟ್ ಹಾಕಿಸಿ ಪೋಸ್ಟ್ ಮಾಡಿ. ಕೇಳಿದ್ದನ್ನೆಲ್ಲ ಸೇರಿಸಿ ದೊಡ್ಡ ಹಾಳೆಯಲ್ಲಿ ವಂಶವೃಕ್ಷ ಬರೆದು ಅದನ್ನೂ ಕಳಿಸಿ, ಖಾಲಿ ಬಿಟ್ಟ ಜಾಗ ಖಾಲಿಯೇ ಇರಲಿ. ತಪ್ಪುಗಳಿದ್ದೇ ಇರುತ್ತವೆ. ತನ್ನ ಅತ್ತೆಯ ಹೆಸರು ಬಿಟ್ಟಿದ್ದನ್ನು ನೋಡಿದ ಅಜ್ಜಿಯೊಬ್ಬರು ಮೊಮ್ಮಗನ ಕೈಲಿ ಫೋನ್ ಮಾಡಿಸಿ ಬೈದರೆ ಪೆನ್ನು ತೆಗೆದುಕೊಳ್ಳಿ. ಮುಂದಿನ ಅರ್ಧ ಗಂಟೆ ಬರೆದುಕೊಳ್ಳುವುದು ಬೇಕಾದಷ್ಟಿರುತ್ತದೆ.