ಮಹಡಿಗೂ ನೀರು ಬರಲಿ: ವಾಲ್ವ್ ಹೊಂದಿಸುವುದು ಹೇಗೆ?

ಕಾಲುವೆಯ ಕೊನೆ ಭಾಗದ ಕಷ್ಟವನ್ನು ರಾಯಚೂರು ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮುನಿರಾಬಾದ್‌ನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ಎಷ್ಟೇ ನೀರು ಬಿಟ್ಟರೂ, ಮೇಲ್ಭಾಗದ ತೂಬುಗಳು ಜಾಸ್ತಿ ಎಳೆದುಕೊಂಡರೆ ಮಾನ್ವಿ, ಸಿರವಾರದ ಹೊಲಕ್ಕೆ ಉಳಿಯುವುದು ಅಷ್ಟಕ್ಕಷ್ಟೇ. ಮನೆಯ ಪೈಪಿನಲ್ಲೂ ಆಗುವುದು ಇದೇ. ಕೆಳಗೆ ಅಡುಗೆಮನೆಯ ನಲ್ಲಿ ತಿರುವಿದರೆ ಮಹಡಿಯ ಬಾತ್‌ರೂಮಿನಲ್ಲಿ ನೀರು ಸಣ್ಣಗಾಗುತ್ತದೆ. ಆಗ ಬಹಳ ಜನ ಪ್ರೆಷರ್ ಪಂಪ್ ತರಲು ಹೊರಡುತ್ತಾರೆ. ಅದಕ್ಕೂ ಮೊದಲು ಜೋರಾಗಿ ಹರಿಯುವ ಲೈನಿನ ವಾಲ್ವನ್ನು ಸ್ವಲ್ಪ ಬಿಗಿ ಮಾಡಿ ನೋಡಿ.

ಟ್ಯಾಂಕಿನ ನೀರಿನಿಂದ 10 ಮೀಟರ್ ಕೆಳಗಿಳಿದರೆ ಒತ್ತಡ ಸುಮಾರು 1 ಬಾರ್ ಆಗುತ್ತದೆ. ಮಹಡಿಯ ಶವರ್ ಟ್ಯಾಂಕಿನಿಂದ ಒಂದೂವರೆ ಮೀಟರ್ ಕೆಳಗಿದೆ, ಕೆಳಮನೆಯ ನಲ್ಲಿ 6 ಮೀಟರ್ ಕೆಳಗಿದೆ ಅಂದುಕೊಳ್ಳಿ. ಕೆಳಗೆ ಒತ್ತಡ ನಾಲ್ಕು ಪಟ್ಟು. ಅಷ್ಟೇ ಅಗಲದ ಬಾಯಿಂದ ನೀರು ಎರಡು ಪಟ್ಟು ಬರುತ್ತದೆ. ಎರಡೂ ಒಂದೇ ಪೈಪಿನಿಂದ ಕವಲೊಡೆದಿದ್ದರೆ ಮಹಡಿಗೆ ಇನ್ನೂ ಕಡಿಮೆ.

ಮೊದಲು ಅಳತೆ. ಮೇಲೆ, ಕೆಳಗೆ ಎರಡೂ ಕಡೆ ನಲ್ಲಿ ಬಿಟ್ಟು, ಮಹಡಿಯಲ್ಲಿ 10 ಲೀಟರಿನ ಬಕೆಟ್ ತುಂಬಲು ಎಷ್ಟು ಹೊತ್ತಾಯಿತು ಎಂದು ಮೊಬೈಲಿನಲ್ಲಿ ನೋಡಿ ಬರೆದಿಡಿ.

ಆಮೇಲೆ ವಾಲ್ವ್ ಯಾವ ಜಾತಿಯದ್ದು ಎಂದು ನೋಡಿ. ಉದ್ದ ಹಿಡಿ ಇದ್ದು ಕಾಲು ಸುತ್ತಿಗೇ ಮುಚ್ಚಿದರೆ ಅದು ಬಾಲ್ ವಾಲ್ವ್. ಒಳಗೆ ತೂತಿರುವ ಗುಂಡು ತಿರುಗುತ್ತದೆ. ತಟ್ಟನೆ ಬಂದ್ ಮಾಡಲು ಚೆನ್ನ, ಆದರೆ ಸ್ವಲ್ಪ ಸ್ವಲ್ಪವೇ ಹೊಂದಿಸುವುದು ಕಷ್ಟ. ದುಂಡು ಚಕ್ರವಿದ್ದು ಹಲವು ಸುತ್ತು ತಿರುವಬೇಕಾದರೆ ಗೇಟ್ ವಾಲ್ವ್ ಇಲ್ಲವೇ ಗ್ಲೋಬ್ ವಾಲ್ವ್. ಗೇಟ್ ವಾಲ್ವಿನಲ್ಲಿ ಒಂದು ಲೋಹದ ಹಲಗೆ ಇಳಿದು ದಾರಿ ಮುಚ್ಚುತ್ತದೆ. ಅದನ್ನು ಅರ್ಧಕ್ಕೆ ನಿಲ್ಲಿಸಿ ವರ್ಷಗಟ್ಟಲೆ ಬಿಡಬೇಡಿ. ನೀರಿನ ರಭಸಕ್ಕೆ ಹಲಗೆ ಅದುರಿ ಅಂಚು ಸವೆಯುತ್ತದೆ, ಮುಂದೆ ಪೂರ್ತಿ ಮುಚ್ಚಿದರೂ ಸೋರುತ್ತದೆ. ಗ್ಲೋಬ್ ವಾಲ್ವಿನೊಳಗೆ ನೀರು ಅಂಕುಡೊಂಕಾಗಿ ಹರಿಯುತ್ತದೆ, ಬಿಲ್ಲೆಯೊಂದು ಮೇಲಿಂದ ಬಾಯಿಯ ಹತ್ತಿರಕ್ಕೆ ಇಳಿಯುತ್ತದೆ. ಹರಿವು ಹೊಂದಿಸಲು ಇದೇ ಸರಿ. ಮೈಮೇಲಿನ ಬಾಣದ ಗುರುತು ನೀರು ಹೋಗುವ ಕಡೆಗೇ ಇರಬೇಕು. ಪೂರ್ತಿ ತೆರೆದಾಗಲೂ ಇದು ಕೊಂಚ ಒತ್ತಡ ತಿನ್ನುತ್ತದೆ. ಹಾಗಾಗಿ ಜೋರಿನ ಲೈನಿಗೆ ಮಾತ್ರ ಹಾಕಿಸಿ, ಮಹಡಿಯ ಲೈನಿಗೆ ಬಾಲ್ ವಾಲ್ವೇ ಇರಲಿ.

ಈಗ ಎಲ್ಲ ವಾಲ್ವ್ ಪೂರ್ತಿ ತೆರೆಯಿರಿ. ಕೆಳಗಿನ ಲೈನನ್ನು ಅರ್ಧ ಸುತ್ತು ಬಿಗಿ ಮಾಡಿ, ಮಹಡಿಯಲ್ಲಿ ಮತ್ತೆ ಬಕೆಟ್ ಇಡಿ. ಸಾಲದಿದ್ದರೆ ಇನ್ನರ್ಧ ಸುತ್ತು. ಎರಡೂ ಕಡೆಯವರಿಗೆ ಸಾಕು ಅನ್ನಿಸಿದಾಗ, ವಾಲ್ವ್ ಎಷ್ಟು ಸುತ್ತು ತೆರೆದಿದೆ ಎಂದು ಪಕ್ಕದ ಗೋಡೆ ಮೇಲೆ ಬರೆಯಿರಿ. ಎಷ್ಟು ಬಿಗಿ ಮಾಡಿದರೂ ಮೇಲೆ ಬದಲಾಗದಿದ್ದರೆ ಶವರಿನ ತೂತಿನಲ್ಲೋ ಪೈಪಿನಲ್ಲೋ ಬೋರ್ ನೀರಿನ ಉಪ್ಪು ಕಟ್ಟಿರಬಹುದು, ಇಲ್ಲವೇ ಟ್ಯಾಂಕ್ ತೀರಾ ತಗ್ಗಿನಲ್ಲಿರಬಹುದು. ಪಂಪಿನ ಮಾತು ಆಮೇಲೆ.

ಸೋಲಾರ್ ವಾಟರ್ ಹೀಟರ್ ಇರುವ ಮನೆಯಲ್ಲಿ ಇನ್ನೂ ಹುಷಾರಾಗಿರಬೇಕು. ತಣ್ಣೀರಿಗೆ ಮಾತ್ರ ಪಂಪ್ ಕೂರಿಸಿದರೆ, ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯಲ್ಲಿ ತಣ್ಣೀರೇ ಬಿಸಿನೀರಿನ ಲೈನಿಗೆ ಹಿಂದಕ್ಕೆ ನುಗ್ಗುತ್ತದೆ. ಸೋಲಾರ್ ಕೆಟ್ಟಿದೆ ಎಂದು ಸುಮ್ನೆ ದೂರುತ್ತೇವೆ, ಅಲ್ವಾ? ತಣ್ಣೀರಿನ ಆ್ಯಂಗಲ್ ವಾಲ್ವ್ ಬಿಗಿ ಮಾಡಿ, ಬಿಸಿ ಲೈನಿಗೆ ಎನ್‌ಆರ್‌ವಿ, ಅಂದರೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್, ಹಾಕಿಸಿ. ಆದರೆ ಸೋಲಾರ್ ಟ್ಯಾಂಕಿನ ಮೇಲೆ ನಿಂತಿರುವ ಗಾಳಿ ಪೈಪಿಗೆ ಯಾವ ಕಾರಣಕ್ಕೂ ವಾಲ್ವ್ ಬೇಡ. ನಮ್ಮ ಏಪ್ರಿಲ್ ಬಿಸಿಲಿಗೆ ಒಳಗೆ ಎದ್ದ ಹಬೆ ಹೊರಹೋಗುವುದು ಅಲ್ಲಿಂದಲೇ. ಮುಚ್ಚಿದರೆ ಟ್ಯಾಂಕ್ ಒಡೆಯಬಹುದು.

ಚಳಿ ದೇಶಗಳಲ್ಲಿ ಬಾಯ್ಲರಿನ ಬಿಸಿನೀರನ್ನು ಕೋಣೆಕೋಣೆಯ ರೇಡಿಯೇಟರಿಗೆ ಹರಿಸಿ ಮನೆ ಬೆಚ್ಚಗಿಡುತ್ತಾರೆ. ಅಲ್ಲೂ ಹತ್ತಿರದ ರೇಡಿಯೇಟರನ್ನು ಬಿಗಿ ಮಾಡಿಯೇ ದೂರದ ಕೋಣೆಗೆ ಬಿಸಿ ಮುಟ್ಟಿಸುವುದು. ತಾವಾಗಿಯೇ ಹೊಂದಿಕೊಳ್ಳುವ ರೆಗ್ಯುಲೇಟರುಗಳೂ ಇವೆ. ಶವರಿಗೆ ಹಾಕುವ ಸಣ್ಣದರಲ್ಲಿ ಒಂದು ರಬ್ಬರ್ ಉಂಗುರವಿರುತ್ತದೆ. ಒತ್ತಡ ಏರಿದರೆ ಅದು ಚಪ್ಪಟೆಯಾಗಿ ದಾರಿ ಕಿರಿದು ಮಾಡುತ್ತದೆ, ಇಳಿದರೆ ಮತ್ತೆ ಸಡಿಲವಾಗುತ್ತದೆ. ನಿಮಿಷಕ್ಕೆ ಬರುವ ನೀರು ಹೆಚ್ಚುಕಡಿಮೆ ಒಂದೇ. ಹಲವು ಮನೆಗಳಿರುವ ಅಪಾರ್ಟ್‌ಮೆಂಟಿಗೆ ಇದೇ ಒಳ್ಳೆಯದು.

ಬೋರ್ ನೀರು ಬಳಸುವವರು ತಿಂಗಳಿಗೊಮ್ಮೆ ಪ್ರತಿ ವಾಲ್ವನ್ನೂ ಪೂರ್ತಿ ಮುಚ್ಚಿ ತೆರೆದು, ಗೋಡೆ ಮೇಲೆ ಬರೆದಷ್ಟು ಸುತ್ತಿಗೆ ತಂದು ನಿಲ್ಲಿಸಬೇಕು. ಉಪ್ಪು ಕಟ್ಟಿ ಬಿಗಿದ ಚಕ್ರಕ್ಕೆ ಪಾನಾ ಹಾಕಿ ಜಗ್ಗಬೇಡಿ, ಒಳಗಿನ ಕಡ್ಡಿ ಮುರಿಯುತ್ತದೆ.