ಅನ್ಯಗ್ರಹದಲ್ಲಿ ಗಗನಯಾತ್ರಿಗಳು: ಅಕ್ರಿಲಿಕ್‌ನಲ್ಲಿ ಬಿಡಿಸುವುದು ಹೇಗೆ?

ಅನ್ಯಗ್ರಹ ಎಂದಾಕ್ಷಣ ನೇರಳೆ ಗಿಡ, ಮೂರು ಚಂದ್ರ ಬೇಕಿಲ್ಲ. ಬಂಡೆಯ ಮಾದರಿ ಮುಂಬೈಯಲ್ಲೇ ಇದೆ. ಅಂಧೇರಿಯ ಗಿಲ್ಬರ್ಟ್ ಹಿಲ್‌ಗೆ ಹೋಗಿ, ಕಂಬಗಳಂತೆ ಸೀಳಿ ನಿಂತ ಬಸಾಲ್ಟ್ ಕಲ್ಲಿನ ಫೋಟೊ ತೆಗೆದುಕೊಳ್ಳಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಆರುತ್ತಾ ಬಿರಿದ ಕಲ್ಲದು. ಬಣ್ಣ ಬದಲಿಸಿದರೆ ಸಾಕು.

ಬೇಕಾದದ್ದು: 12×16 ಇಂಚಿನ ಕ್ಯಾನ್ವಾಸ್ ಬೋರ್ಡ್, 1 ಇಂಚಿನ ಚಪ್ಪಟೆ ಬ್ರಷ್, 6ನೇ ನಂಬರಿನ ಫ್ಲಾಟ್, 1ನೇ ನಂಬರಿನ ರೌಂಡ್. ಬಣ್ಣ ನಾಲ್ಕೇ: ಟೈಟಾನಿಯಂ ವೈಟ್, ಯೆಲ್ಲೋ ಓಕರ್, ಬರ್ಂಟ್ ಸಿಯೆನಾ, ಅಲ್ಟ್ರಾಮರೀನ್ ಬ್ಲೂ. ಕಪ್ಪು ಕೊಳ್ಳಬೇಡಿ, ಕೊನೆಯ ಎರಡನ್ನು ಬೆರೆಸಿದರೆ ಅದಕ್ಕಿಂತ ಒಳ್ಳೆಯ ಕಪ್ಪು ಬರುತ್ತದೆ.

ಹೆಚ್ಚಿನವರು ಎಡವುವುದು ಪೆನ್ಸಿಲ್ ಹಂತದಲ್ಲೇ. ಬೋರ್ಡ್ ಅಡ್ಡ ಇಟ್ಟು, ಕೆಳ ಅಂಚಿನಿಂದ 5 ಇಂಚು ಮೇಲೆ ಕ್ಷಿತಿಜ ಎಳೆಯಿರಿ. ಹತ್ತಿರದ ಗಗನಯಾತ್ರಿಯ ಎತ್ತರ 4 ಇಂಚು, ಪಾದ ಕ್ಷಿತಿಜದಿಂದ 3 ಇಂಚು ಕೆಳಗೆ. ಅಂದರೆ ಗೆರೆ ಅವನ ಎದೆಮಟ್ಟದಲ್ಲಿ ಹಾಯುತ್ತದೆ. ನೆಲ ಸಮತಟ್ಟಾಗಿದ್ದರೆ ದೂರದವನಿಗೂ ಅದು ಎದೆಮಟ್ಟದಲ್ಲೇ ಹಾಯಬೇಕು: ಎತ್ತರ 1 ಇಂಚಾದರೆ ಪಾದ ಮುಕ್ಕಾಲು ಇಂಚು ಕೆಳಗೆ. ಇದು ತಪ್ಪಿದರೆ ಅವನು ತೇಲುತ್ತಾನೆ, ಇಲ್ಲವೇ ಕುಳ್ಳನಾಗುತ್ತಾನೆ. ಹೆಲ್ಮೆಟ್ ದೊಡ್ಡದಿರುವುದರಿಂದ ಇಡೀ ದೇಹ ಐದು ಹೆಲ್ಮೆಟ್ ಎತ್ತರವಿದ್ದರೆ ಸರಿ.

ಆಕಾಶಕ್ಕೆ ಬಿಳಿ, ಓಕರ್, ಚಿಟಿಕೆ ಸಿಯೆನಾ. ಮಂಗಳನ ಹಗಲು ಹೀಗೇ, ದೂಳಿನಿಂದಾಗಿ. ಕ್ಷಿತಿಜದತ್ತ ತಿಳಿಯಾಗಲಿ. ಮೇ ತಿಂಗಳಲ್ಲಿ ಫ್ಯಾನ್ ಬಂದ್ ಮಾಡಿ. ಇಲ್ಲದಿದ್ದರೆ ಬೆರೆಸುವ ಮೊದಲೇ ಒಣಗಿ ಪಟ್ಟೆ ಬೀಳುತ್ತದೆ. ಮಳೆಗಾಲದಲ್ಲಿ ಉಲ್ಟಾ: ಮೇಲೆ ಒಣಗಿದಂತಿದ್ದರೂ ಒಳಗೆ ಹಸಿ, ಎರಡನೇ ಕೋಟ್ ಹಾಕುವಾಗ ಕೆಳಗಿನದು ಕಿತ್ತು ಬರುತ್ತದೆ.

ದೂರದ ಬೆಟ್ಟಕ್ಕೆ ಆಕಾಶದ ಬಣ್ಣವೇ, ತುಸು ಗಾಢ. ಅಂಚುಗೆರೆ ಬೇಡವೇ ಬೇಡ. ಕಂಬಗಲ್ಲಿನ ಸೀಳುಗಳೆಲ್ಲ ಮುಂದಿನ ಬಂಡೆಗೆ ಮೀಸಲು.

ಬೆಳಕು ಒಂದೇ ಕಡೆಯಿಂದ. ದೂಳಿನ ಆಕಾಶವಿದ್ದರೆ ನೆರಳು ಕಂದು. ಗಾಳಿಯಿಲ್ಲದ ಚಂದ್ರನಲ್ಲಾದರೆ ಆಕಾಶವೂ ಕಪ್ಪು, ನೆರಳೂ ಕಡುಗಪ್ಪು. ಎರಡನ್ನೂ ಬೆರೆಸಿದ ಚಿತ್ರ ಸುಳ್ಳೆನಿಸುತ್ತದೆ. ನೆರಳು ಬೂಟಿಗೆ ಅಂಟಿಯೇ ಶುರುವಾಗಲಿ.

ಸೂಟ್‌ಗೆ ಅಚ್ಚ ಬಿಳಿ ಬಳಿಯಬೇಡಿ. ಬೆಳಕಿನ ಬದಿಗೆ ಓಕರ್ ಬೆರೆತ ಬಿಳಿ, ನೆರಳಿನ ಬದಿಗೆ ನೀಲಿಬೂದು, ತೋಳಿನ ಅಡಿಗೆ ನೆಲದ ಕೆಂಪು. ಹೆಲ್ಮೆಟ್ಟಿನ ಬಂಗಾರದ ಗಾಜಿನಲ್ಲಿ ಕ್ಷಿತಿಜವನ್ನು ಬಾಗಿಸಿ ಬರೆದು, ಅಚ್ಚ ಬಿಳಿಯ ಒಂದು ಚುಕ್ಕೆ ಇಡಿ. ಬೂಟಿಗೆ ಒಣ ಬ್ರಷ್‌ನಿಂದ ದೂಳು ತಿಕ್ಕಿ.

ಜುಲೈಯಲ್ಲಿ ಮುಗಿಸಿದರೂ ವಾರ್ನಿಷ್‌ಗೆ ಆತುರ ಬೇಡ. ತೇವದಲ್ಲಿ ಅದು ಹಾಲಿನಂತೆ ಮಸುಕಾಗುತ್ತದೆ. ದೀಪಾವಳಿ ಹೊತ್ತಿಗೆ ಬಳಿಯಿರಿ.