ಹಿತ್ತಲ ಕೋಳಿ: ಖರ್ಚು ಸೋರುವುದೆಲ್ಲಿ, ತಡೆಯುವುದು ಹೇಗೆ?

ನಾಟಿ ಹೇಂಟೆ ವರ್ಷಕ್ಕೆ ಇಡುವುದು ಹೆಚ್ಚೆಂದರೆ 50–60 ಮೊಟ್ಟೆ. ಅದನ್ನು ಕೂಡಿಹಾಕಿ ದಿನಕ್ಕೆ 100 ಗ್ರಾಂ ಆಹಾರ ಕೊಂಡು ಹಾಕಿದರೆ ವರ್ಷಕ್ಕೆ 36 ಕಿಲೋ ದಾಟುತ್ತದೆ. ಅಂದರೆ ಒಂದೊಂದು ಮೊಟ್ಟೆಗೂ ಅರ್ಧ ಕಿಲೋಗಿಂತ ಹೆಚ್ಚು ಕಾಳು! ಯಾವ ಬೆಲೆಗೆ ಮಾರಿದರೂ ಗಿಟ್ಟದ ಲೆಕ್ಕ ಇದು. ನಾಟಿ ಕೋಳಿಯಿಂದ ನಾಲ್ಕು ಕಾಸು ಉಳಿಯುವುದು ಅದು ತಾನೇ ಕೆದಕಿ ತಿಂದಾಗ ಮಾತ್ರ.

ಮೊದಲು ಸಂಖ್ಯೆ ನಿಗದಿ ಮಾಡಿ

ಎಂಟು ಹೇಂಟೆ, ಒಂದು ಹುಂಜ ಇದ್ದರೆ ಒಂದು ಮನೆಗೆ ಸಾಕು. ಹಿತ್ತಲಿನಲ್ಲಿ ಸಿಗುವ ಹುಳ, ಹುಲ್ಲಿನ ಬೀಜ, ತಿಪ್ಪೆಯ ಮೇವು ಇಷ್ಟೇ ಎಂದು ಮಿತಿಯುಂಟು. ಆ ಮಿತಿ ದಾಟಿ ತಂದ ಕೋಳಿ ಪೂರ್ತಿ ನಿಮ್ಮ ಮೂಟೆಯಿಂದಲೇ ತಿನ್ನುತ್ತದೆ. ಪರೀಕ್ಷೆ ಸುಲಭ: ನಡುಮಧ್ಯಾಹ್ನ ಕೋಳಿಗಳು ತೆಂಗಿನ ಬುಡದಲ್ಲಿ ಕೆದಕುತ್ತಿದ್ದರೆ ಸರಿ. ಅಡುಗೆಮನೆ ಬಾಗಿಲಲ್ಲಿ ಗುಂಪಾಗಿ ನಿಂತಿದ್ದರೆ ಎರಡು ಮೂರನ್ನು ಮಾರುವ ಕಾಲ ಬಂದಿದೆ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ತಳಿಗಳು ನಾಟಿಗಿಂತ ಬಹಳ ಹೆಚ್ಚು ಮೊಟ್ಟೆ ಇಡುತ್ತವೆ, ಬೇಗ ತೂಕ ಬರುತ್ತವೆ. ಆದರೆ ಕಾವಿಗೆ ಕೂರುವುದು ಅವುಗಳ ಜಾಯಮಾನವಲ್ಲ. ಹಾಗಾಗಿ ಪ್ರತಿ ಸಲ ಮರಿ ಕೊಳ್ಳಬೇಕು. ನನ್ನ ಮಟ್ಟಿಗೆ, ಖರ್ಚು ಕಡಿಮೆ ಇರಬೇಕೆನ್ನುವವರಿಗೆ ನಾಟಿಯೇ ಲೇಸು.

ಮರಿಯನ್ನು ಮನೆಯಲ್ಲೇ ಮಾಡಿಸಿ

ಕಾವಿಗೆ ಬಂದ ಹೇಂಟೆಯ ಕೆಳಗೆ ಹತ್ತು–ಹನ್ನೆರಡು ಮೊಟ್ಟೆ ಸಾಕು, ದುರಾಸೆ ಬೇಡ. ಏಳನೆಯ ರಾತ್ರಿ ಒಂದೊಂದೇ ಮೊಟ್ಟೆಯನ್ನು ಕತ್ತಲಲ್ಲಿ ಟಾರ್ಚಿಗೆ ಹಿಡಿದು ನೋಡಿ. ಜೇಡರ ಬಲೆಯಂತೆ ಕೆಂಪು ನರ ಹರಡಿದ್ದರೆ ಜೀವ ಕಟ್ಟಿದೆ. ತಿಳಿಯಾಗಿ ಹೊಳೆಯುವುದನ್ನು ತೆಗೆದುಬಿಡಿ. ಸಾಧ್ಯವಾದರೆ ಎರಡು ಹೇಂಟೆಗಳನ್ನು ಒಂದೇ ದಿನ ಕೂರಿಸಿ. 21ನೆಯ ದಿನದ ಹೊತ್ತಿಗೆ ಮರಿಗಳು ಹೊರಬಂದ ಮೇಲೆ ರಾತ್ರಿ ಸದ್ದಿಲ್ಲದೆ ಎಲ್ಲವನ್ನೂ ಒಬ್ಬ ತಾಯಿಯ ರೆಕ್ಕೆಯಡಿಗೆ ಸೇರಿಸಿದರೆ, ಇನ್ನೊಂದು ಹೇಂಟೆ ಮರಿ ಸಾಕುವ ಎರಡು ತಿಂಗಳು ಉಳಿಸಿಕೊಂಡು ಮತ್ತೆ ಮೊಟ್ಟೆಗೆ ತಿರುಗುತ್ತದೆ. ಬಲ್ಬು, ಕರೆಂಟು ಯಾವುದರ ಹಂಗೂ ಇಲ್ಲ.

ಮೊದಲ ಎರಡು ವಾರ ತಾಯಿ–ಮರಿಗಳನ್ನು ಮಂಕರಿಯ ಕೆಳಗೆ ಮುಚ್ಚಿಡಿ. ಹದ್ದು, ಕಾಗೆ, ಬೆಕ್ಕು ಎಲ್ಲದಕ್ಕೂ ಇದೇ ಪ್ರಾಯದ ಮರಿಯೇ ಬೇಕು.

ಮೇವು

ದೊಡ್ಡ ಕೋಳಿಗಳಿಗೆ ಬೆಳಿಗ್ಗೆ ಏನೂ ಹಾಕಬೇಡಿ, ಹಸಿದ ಕೋಳಿ ದೂರ ಹೋಗಿ ಮೇಯುತ್ತದೆ. ಸಂಜೆ ಗೂಡಿಗೆ ಸೇರುವ ಮುನ್ನ ತಲೆಗೆ ಒಂದು ಹಿಡಿ, ಸುಮಾರು 30–40 ಗ್ರಾಂ, ನುಚ್ಚು, ರಾಗಿ ಅಥವಾ ಒಡೆದ ಮುಸುಕಿನ ಜೋಳ ಚೆಲ್ಲಿ. ಕರೆದ ಕೂಡಲೇ ಓಡಿಬರುವ ಅಭ್ಯಾಸವೂ ಆಗುತ್ತದೆ, ಎಣಿಕೆಯೂ ಮುಗಿಯುತ್ತದೆ. ಬೂಷ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿ ಅಗ್ಗವಾಗಿ ಸಿಗುತ್ತದೆಂದು ತರಬೇಡಿ, ಅದು ವಿಷ.

ಮರಿಗಳಿಗೆ ಗೆದ್ದಲಿನಷ್ಟು ಒಳ್ಳೆಯ ಆಹಾರ ಇನ್ನೊಂದಿಲ್ಲ. ಒಡಕು ಮಡಕೆಯೊಳಗೆ ಹರಿದ ಗೋಣಿತಾಟು, ಒಣ ಹುಲ್ಲು, ಸ್ವಲ್ಪ ಸಗಣಿ ತುರುಕಿ ನೀರು ಚಿಮುಕಿಸಿ. ಗೆದ್ದಲು ಓಡಾಡುವ ಕಡೆ ಮಣ್ಣು ಕೆರೆದು ಸಂಜೆ ಮಡಕೆಯನ್ನು ಬೋರಲು ಹಾಕಿ. ಮರುದಿನ ಬಿಸಿಲೇರುವ ಮೊದಲೇ ಎತ್ತಿ ಮರಿಗಳ ಮುಂದೆ ಕೊಡವಿದರೆ, ಬಿಳಿ ಹುಳು ನೆಲಕ್ಕೆ ಬೀಳುವುದೇ ತಡ, ಖಾಲಿ. ತಡಮಾಡಿದರೆ ಗೆದ್ದಲು ಮಣ್ಣಿಗೆ ಇಳಿದಿರುತ್ತದೆ.

ಮೊಟ್ಟೆಯ ಸಿಪ್ಪೆಯನ್ನು ಬಾಣಲೆಯಲ್ಲಿ ಬಿಸಿ ಮಾಡಿ ಪುಡಿ ಮಾಡಿ ಕೊಟ್ಟರೆ ಸುಣ್ಣದಂಶಕ್ಕೆ ಬೇರೆ ಖರ್ಚಿಲ್ಲ. ಪುಡಿ ಮಾಡದೆ ಹಾಕಿದರೆ ಕೋಳಿಗೆ ತನ್ನ ಮೊಟ್ಟೆಯನ್ನೇ ಒಡೆದು ತಿನ್ನುವ ಚಟ ಹತ್ತಬಹುದು. ನೀರಿನ ಮೇಲೆ ತೇಲಿ ಬೆಳೆಯುವ ಮೇವಿನ ಸಸ್ಯ ಅಜೋಲಾದ ತೊಟ್ಟಿಯ ಬಗ್ಗೆ ಬಹಳ ಮಾತಿದೆ. ಹಸುವೂ ಇರುವ ಮನೆಗೆ ಸರಿ, ಎಂಟು ಕೋಳಿಗೆ ಅಷ್ಟು ರಗಳೆ ಬೇಕಿಲ್ಲ. ನುಗ್ಗೆ ಸೊಪ್ಪನ್ನು ಕಟ್ಟಿ ತೂಗುಹಾಕಿ, ಸಾಕು.

ಇಲ್ಲಿ ಮಾತ್ರ ಜಿಪುಣತನ ಬೇಡ

ಒಮ್ಮೆ ನಾನು ಲಸಿಕೆಯ ಹಣ ಉಳಿಸಿದೆ. ಕೊಕ್ಕರೆ ರೋಗ (ರಾಣಿಖೇತ್) ಬಂತು. ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕುತ್ತಾ ಐದೇ ದಿನದಲ್ಲಿ ಹದಿನಾಲ್ಕರಲ್ಲಿ ಹನ್ನೊಂದು ಹೋದವು. ಈ ರೋಗಕ್ಕೆ ಔಷಧವಿಲ್ಲ. ಮರಿಗೆ ಒಂದು ವಾರವಾಗುವ ಹೊತ್ತಿಗೆ ಲಸೋಟಾ ಲಸಿಕೆಯ ಒಂದು ಹನಿ ಕಣ್ಣಿಗೆ ಬೀಳಬೇಕು. ಎಂಟನೆಯ ವಾರದಲ್ಲಿ ಆರ್‌2ಬಿ ಚುಚ್ಚುಮದ್ದು ಕೊಡಿಸಬೇಕು.

ಲಸಿಕೆಯ ಸೀಸೆ ನೂರು ಅಥವಾ ಅದಕ್ಕಿಂತ ಹೆಚ್ಚು ಕೋಳಿಗಳ ಲೆಕ್ಕದಲ್ಲಿ ಬರುತ್ತದೆ. ಒಮ್ಮೆ ಕಲಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಮನೆಯವರು ಸೇರಿ ಒಂದೇ ಸಂಜೆ ಹಾಕಿಸಿಕೊಂಡರೆ ಪಾಲಿಗೆ ಬರುವುದು ಒಂದು ಟೀ ಖರ್ಚು. ತರುವಾಗ ಐಸ್ ತುಂಬಿದ ಥರ್ಮಸ್‌ನಲ್ಲಿ ತನ್ನಿ, ಬಿಸಿಲಲ್ಲಿ ಜೇಬಿನಲ್ಲಿ ತಂದ ಲಸಿಕೆ ಬರೀ ನೀರಿದ್ದಂತೆ. ಮೂರು ತಿಂಗಳಿಗೊಮ್ಮೆ ಪಶು ಆಸ್ಪತ್ರೆಯಲ್ಲಿ ಕೇಳಿ ಜಂತುಹುಳದ ಔಷಧಿಯನ್ನೂ ಕೊಡಿ. ಹೇನಿಗೆ ಮಾತ್ರ ದುಡ್ಡು ಬೇಡ: ಒಂದು ಗುಂಡಿಗೆ ಒಲೆಯ ಬೂದಿ, ಒಣ ಮಣ್ಣು ಸುರಿದಿಟ್ಟರೆ ಕೋಳಿಗಳೇ ಹೊರಳಾಡಿಕೊಳ್ಳುತ್ತವೆ.

ರಾತ್ರಿಯ ಗೂಡಿಗೆ ಕೋಳಿಗೊಂದರಂತೆ ಒಂದು ಚದರ ಅಡಿ ಜಾಗ ಲೆಕ್ಕ ಹಾಕಿ. ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ, ಅಡಿಕೆ ದಬ್ಬೆಯ ತಳ ಹಾಕಿದರೆ ಹಿಕ್ಕೆ ಕೆಳಗೆ ಬಿದ್ದು ಗೊಬ್ಬರವಾಗುತ್ತದೆ. ದಬ್ಬೆ, ಬಿದಿರು ಊರಲ್ಲೇ ಸಿಗುತ್ತವೆ. ಕಾಸು ಕೊಟ್ಟು ಕೊಳ್ಳಬೇಕಾದದ್ದು ಮುಂಗುಸಿ ತೂರದಂಥ ಸಣ್ಣ ಕಣ್ಣಿನ ಜಾಲರಿ, ಗಟ್ಟಿ ಚಿಲಕ.

ಮಾರುವ ದಿನ ನೋಡಿ ಕಾವಿಗಿಡಿ

ಹೆಚ್ಚಾದ ಹುಂಜಗಳನ್ನು ವರ್ಷವಿಡೀ ಸಾಕುವುದು ದಂಡ. ಹಳೇ ಮೈಸೂರು ಕಡೆ ಯುಗಾದಿಯ ಮರುದಿನದ ಹೊಸತೊಡಕಿನ ಬಾಡೂಟಕ್ಕೆ ನಾಟಿ ಹುಂಜಕ್ಕೆ ಹೇಳಿದ್ದೇ ಬೆಲೆ. ದೀಪಾವಳಿಯ ಆಸುಪಾಸಿನಲ್ಲಿ ಒಡೆದ ಮರಿ ಅಷ್ಟರಲ್ಲಿ ಐದು ತಿಂಗಳ ಹುಂಜವಾಗಿರುತ್ತದೆ. ಆ ವಾರವಿಡೀ ರಾತ್ರಿ ಗೂಡಿಗೆ ಚಿಲಕದ ಜೊತೆ ಬೀಗವನ್ನೂ ಹಾಕಿ, ಹೊಸತೊಡಕಿನ ಲೆಕ್ಕಾಚಾರ ಕೋಳಿಕಳ್ಳರಿಗೂ ಗೊತ್ತು.